ಬೀಜ ಯಾರದ್ದೇ ಇರಲಿ, ಪಾತಿ ನಮ್ಮದು

ಹಬ್ಬದ ಸಂಚಿಕೆಯಲ್ಲಿ ಮಾದಕ ವಸ್ತುಗಳ ಮಾತೇಕೆ ಎಂದು ಹುಬ್ಬೇರಿಸಬೇಡಿ. ನಾವಿರುವುದು ಲೋಕದ ಸರಕೆಲ್ಲ ಬಂದಿಳಿಯುವ ಕ್ಲಾಂಗ್ ಬಂದರಿನಲ್ಲಿ. ಇಲ್ಲಿ ‘ದಾದಾ’ ಎಂದರೆ ರೌಡಿಯಲ್ಲ, ಮಾದಕ ವಸ್ತು! 1983ರಲ್ಲೇ ಮಲೇಷ್ಯಾ ಸರ್ಕಾರ ಇದನ್ನು ದೇಶದ ಮೊದಲ ಶತ್ರು ಎಂದು ಸಾರಿತು. 2023ರಲ್ಲಿ ಕಡ್ಡಾಯ ಮರಣದಂಡನೆಯನ್ನು ತೆಗೆದುಹಾಕಿದ್ದರೂ, ಸಾಗಣೆಯ ಅಪರಾಧಕ್ಕೆ ನ್ಯಾಯಾಧೀಶರು ಇಂದಿಗೂ ಗಲ್ಲು ವಿಧಿಸಬಹುದು.

ನೂಲಿನಂತೆ ಸೀರೆ ಎನ್ನುತ್ತೇವೆ. ದೊಡ್ಡಪ್ಪ ಕುಡಿದು ಹಾಳಾದ ಮನೆಯಲ್ಲಿ ಹುಡುಗ ದಾರಿ ತಪ್ಪಿದರೆ, “ರಕ್ತದಲ್ಲೇ ಇದೆ ಬಿಡಿ” ಎಂದು ಕೈಚೆಲ್ಲುತ್ತೇವೆ. ಈ ಮಾತು ಅರ್ಧ ನಿಜ. ಚಟಕ್ಕೆ ಬೀಳುವ ಪ್ರವೃತ್ತಿಯಲ್ಲಿ ಸುಮಾರು ಅರ್ಧ ಪಾಲು ವಂಶವಾಹಿಗಳದ್ದು ಎಂದು ಅವಳಿಗಳ ಅಧ್ಯಯನಗಳು ಹೇಳುತ್ತವೆ. ಇದು ಯಾವುದೋ ಒಂದು ವಂಶವಾಹಿಯ ಕೆಲಸವಲ್ಲ. ನೂರಾರು ಸೇರಿ ಮಾಡುವ ಕೆಲಸ. ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ವಿವೇಕ್ ಬೆನೆಗಲ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕುಡಿತದ ಚಟ ದಟ್ಟವಾಗಿದ್ದ ಮನೆತನದವರ ಮೆದುಳಿನ ಕೆಲವು ಭಾಗಗಳು ಇತರರಿಗಿಂತ ಚಿಕ್ಕದಾಗಿದ್ದವು. ಅವರಾರೂ ಅದುವರೆಗೆ ಕುಡಿತಕ್ಕೆ ಬಿದ್ದವರಲ್ಲ!

ವಂಶವಾಹಿ ಕಾಪಾಡುವುದೂ ಉಂಟು. ನಮ್ಮ ಚೀನೀ ನೆರೆಯವರಲ್ಲಿ ಕೆಲವರಿಗೆ ಒಂದು ಲೋಟ ಬಿಯರಿಗೇ ಮುಖ ಕೆಂಪೇರುವುದನ್ನು ನೋಡಿರುತ್ತೀರಿ. ಮದ್ಯವನ್ನು ಅರಗಿಸುವ ಒಂದು ಕಿಣ್ವ ಅವರಲ್ಲಿ ಹುಟ್ಟಿನಿಂದಲೇ ದುರ್ಬಲ. ಅಂಥವರಲ್ಲಿ ಕುಡಿತದ ಚಟ ಕಡಿಮೆ.

ಇನ್ನರ್ಧ ನಿಜವೇ ನಮಗೆ ಮುಖ್ಯ. ಅಮೆರಿಕದ ವರ್ಜೀನಿಯಾದ ಅವಳಿಗಳ ಕುರಿತ 2008ರ ಅಧ್ಯಯನದ ಪ್ರಕಾರ, ಹದಿಹರೆಯದ ಆರಂಭದಲ್ಲಿ ಸಿಗರೇಟು, ಮದ್ಯ, ಗಾಂಜಾಗಳ ಬಳಕೆಯನ್ನು ಹೆಚ್ಚಾಗಿ ನಿರ್ಧರಿಸುವುದು ಮನೆ ಮತ್ತು ಸುತ್ತಲಿನ ವಾತಾವರಣ. ವಂಶವಾಹಿಯ ಕೈ ಮೇಲಾಗುವುದು ವಯಸ್ಸು ಬಲಿತಂತೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಮಗುವಿನ ಸ್ವಭಾವವನ್ನೂ ಗಮನಿಸಿ. ದುಡುಕು, ಸದಾ ಹೊಸ ರೋಮಾಂಚನದ ಹಂಬಲ, ಅತಿಯಾದ ಆತಂಕ, ಎಲ್ಲದರಲ್ಲೂ ನಿರಾಶೆ: ಈ ನಾಲ್ಕು ಸ್ವಭಾವದ ಮಕ್ಕಳಿಗೆ ಅಪಾಯ ಹೆಚ್ಚು. ಲಂಡನ್ನಿನ ಶಾಲೆಗಳಲ್ಲಿ ಪೆಟ್ರೀಷಿಯಾ ಕಾನ್ರಾಡ್ ತಂಡ ಇಂಥ ಮಕ್ಕಳಿಗೆ ಅವರವರ ಸ್ವಭಾವಕ್ಕೆ ತಕ್ಕಂತೆ ಎರಡೇ ತರಗತಿ ನಡೆಸಿತು. ಮುಂದಿನ ಎರಡು ವರ್ಷ ಅವರಲ್ಲಿ ಕುಡಿತ ಕಡಿಮೆಯಾಗಿದ್ದನ್ನು 2013ರಲ್ಲಿ ವರದಿ ಮಾಡಿತು. ದುಡುಕಿನ ಹುಡುಗನಿಗೆ ಬೈಗುಳಕ್ಕಿಂತ ಫುಟ್‌ಬಾಲ್ ಮೈದಾನ ಒಳ್ಳೆಯದು. ಮಂಕಾಗಿ ಕೂರುವ ಹುಡುಗಿಗೆ ಬುದ್ಧಿವಾದಕ್ಕಿಂತ ಜೊತೆಗೆ ಕೂತು ಕೇಳುವ ಕಿವಿ ಬೇಕು.

ಊರು ಬಿಟ್ಟು ಬಂದ ನಮ್ಮ ಮಕ್ಕಳಿಗೆ ಆ ದೊಡ್ಡಪ್ಪ ಬರೀ ಗೋಡೆಯ ಮೇಲಿನ ಫೋಟೋ. “ನಮ್ಮ ಮನೆತನದಲ್ಲಿ ಸಕ್ಕರೆ ಕಾಯಿಲೆ ಇದೆ, ಸಿಹಿ ಜಾಸ್ತಿ ತಿನ್ನಬೇಡ” ಎಂದು ಧಾರಾಳವಾಗಿ ಹೇಳುವ ನಾವು, ಕುಡಿತದ ವಿಷಯ ಬಂದರೆ ಮಾನಕ್ಕಂಜಿ ಬಾಯಿ ಹೊಲಿದುಕೊಳ್ಳುತ್ತೇವೆ. ಮಗುವಿಗೆ ಹನ್ನೆರಡು ದಾಟುತ್ತಿದ್ದಂತೆ ಅದನ್ನೂ ಹೇಳಿಬಿಡೋಣ, ಹೆದರಿಸದೆ, ಹಂಗಿಸದೆ. ಮೊದಲ ಗುಟುಕು, ಮೊದಲ ದಮ್ಮು ಎಷ್ಟು ತಡವಾದರೆ ಅಷ್ಟು ಕ್ಷೇಮ; ಬಾರದಿದ್ದರೆ ಇನ್ನೂ ಕ್ಷೇಮ.