ಪರದೇಶಿಗೆ ಜಾಮೀನು ಯಾರು?

ಪರದೇಶಿ ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥಗಳಿವೆ. ಹೊರನಾಡಿನವನು ಎಂಬುದು ಒಂದು; ದಿಕ್ಕಿಲ್ಲದವನು, ಹೇಳುವವರು ಕೇಳುವವರು ಇಲ್ಲದವನು ಎಂಬುದು ಇನ್ನೊಂದು. ಈ ಎರಡನೆಯ ಅರ್ಥವನ್ನು ನಮ್ಮ ಜನ ಸುಮ್ಮನೆ ಕೂಡಿಸಿದ್ದಲ್ಲ. ಊರು ಬಿಟ್ಟು ಹೋದವನು ಮೊಟ್ಟಮೊದಲು ಕಳೆದುಕೊಳ್ಳುವುದು, ‘ಇವನು ಇಂಥವರ ಮನೆಯವನು, ನಾನು ಬಲ್ಲೆ’ ಎಂದು ನಾಲ್ಕು ಜನರೆದುರು ಹೇಳುವ ಬಾಯನ್ನು. ಉನ್ನತ ವ್ಯಾಸಂಗಕ್ಕೆಂದು ನಮ್ಮ ತರುಣ ತರುಣಿಯರು ಸಾಗರದಾಚೆಯ ಮಹಾನಗರಗಳಿಗೆ ಹೊರಟು ನಿಂತಿರುವ ಈ ದಿನಗಳಲ್ಲಿ ಆ ಮಾತಿನ ಒಳಗನ್ನು ಮತ್ತೊಮ್ಮೆ ವಿಚಾರಿಸಿ ನೋಡುವುದು ಉಚಿತ. ನಿದರ್ಶನಕ್ಕೆ ಲಂಡನ್ ನಗರವನ್ನೇ ತೆಗೆದುಕೊಳ್ಳೋಣ.

ಹಾಸನದಿಂದಲೋ ಹುಬ್ಬಳ್ಳಿಯಿಂದಲೋ ಒಬ್ಬ ವಿದ್ಯಾರ್ಥಿ ಅಲ್ಲಿಗೆ ಹೊರಟನೆನ್ನಿ. ಅವನ ಬುದ್ಧಿಗೆ ಅಂಕಪಟ್ಟಿ ಸಾಕ್ಷಿ. ಅವನ ಯೋಗ್ಯತೆಗೆ ಹಣ ಸಾಕ್ಷಿ. 2025ರ ನವೆಂಬರಿನಿಂದ ಜಾರಿಗೆ ಬಂದ ಲೆಕ್ಕದಂತೆ, ಲಂಡನ್ನಿನಲ್ಲಿ ಓದಲಿರುವವನು ತಿಂಗಳಿಗೆ 1,529 ಪೌಂಡುಗಳ ಮೇರೆಗೆ ಒಂಬತ್ತು ತಿಂಗಳ ಖರ್ಚನ್ನು, ಎಂದರೆ 13,761 ಪೌಂಡುಗಳನ್ನು, ಬೋಧನ ಶುಲ್ಕವಲ್ಲದೆ ಬೇರೆಯಾಗಿ ತೋರಿಸಬೇಕು. 2024ರಲ್ಲಿ ಏರಿಸಿದ ದರದಂತೆ ವೈದ್ಯಕೀಯ ನೆರವಿನ ಬಾಬ್ತು ವರ್ಷಕ್ಕೆ 776 ಪೌಂಡು. ಪಾಠದ ದಿನಗಳಲ್ಲಿ ವಾರಕ್ಕೆ 20 ಗಂಟೆ ಮೀರಿ ದುಡಿಯುವಂತಿಲ್ಲ. 2024ರ ಜನವರಿಯಿಂದ, ಸಾಮಾನ್ಯ ಎಂ.ಎ., ಎಂ.ಎಸ್‌ಸಿ. ತರಗತಿಗಳಿಗೆ ಹೋಗುವವರು ಪತ್ನಿಯನ್ನಾಗಲಿ ಪತಿಯನ್ನಾಗಲಿ ಮಕ್ಕಳನ್ನಾಗಲಿ ಜೊತೆಗೆ ಕರೆದೊಯ್ಯುವಂತಿಲ್ಲ. ಪದವಿಯ ತರುವಾಯ ಅಲ್ಲೇ ನಿಂತು ಕೆಲಸ ಹುಡುಕಲು ಎರಡು ವರ್ಷದ ಅವಧಿಯಿತ್ತಷ್ಟೆ. 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ ಅದನ್ನು ಹದಿನೆಂಟು ತಿಂಗಳಿಗೆ ಇಳಿಸಲು ನಿಶ್ಚಯಿಸಿದ್ದಾರೆ.

ಇವು ಕಠಿಣವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಇವು ಬರೆದಿಟ್ಟ ನಿಯಮಗಳು. ಜಮೀನನ್ನು ಆಧಾರ ಮಾಡಿಯೋ ಸಾಲ ತೆಗೆದೋ ತಂದೆತಾಯಿಗಳು ಇವನ್ನು ಪೂರೈಸಿಕೊಡುತ್ತಾರೆ. ಬರೆಯದೆ ಉಳಿದ ನಿಯಮಗಳು ಎದುರಾಗುವುದು ವಿಮಾನ ಇಳಿದ ಮೇಲೆ, ತಲೆಯ ಮೇಲೊಂದು ಸೂರು ಹುಡುಕುವಾಗ. ವಿಳಾಸವಿಲ್ಲದೆ ಬ್ಯಾಂಕಿನ ಖಾತೆ ಸುಲಭವಲ್ಲ, ಖಾತೆಯಿಲ್ಲದೆ ಸಂಬಳ ಕೈಸೇರದು, ಕೋಣೆಯಿಲ್ಲದೆ ವಿಳಾಸವೆಲ್ಲಿಯದು? ಹೀಗೆ ಎಲ್ಲ ಗಂಟುಗಳೂ ಒಂದು ಕೋಣೆಯಲ್ಲಿ ಬಂದು ಸೇರುತ್ತವೆ. ಮನೆಯೊಡೆಯನಾದರೋ ಬಾಡಿಗೆ ಸಲ್ಲದಿದ್ದರೆ ತಾನು ಹೊಣೆಯೆಂದು ಬರೆದುಕೊಡುವ ಒಬ್ಬ ಜಾಮೀನುದಾರನನ್ನು ಕೇಳುತ್ತಾನೆ. ಆ ಜಾಮೀನುದಾರ ಆ ದೇಶದಲ್ಲೇ ನೆಲಸಿ ಸಂಪಾದಿಸುತ್ತಿರುವವನಾಗಿರಬೇಕೆಂಬುದು ವಾಡಿಕೆ. ನಿನ್ನೆ ಬಂದಿಳಿದ ಹುಡುಗನಿಗೆ ಅಂಥವನು ಎಲ್ಲಿಂದ ಸಿಕ್ಕಬೇಕು? ಸಿಕ್ಕದಿದ್ದರೆ ಆರು ತಿಂಗಳ ಬಾಡಿಗೆಯನ್ನು ಒಟ್ಟಿಗೆ ಮುಂಗಡ ತೆತ್ತು ಒಳಗೆ ಹೋಗುವುದು ಬಹುಕಾಲದಿಂದ ನಡೆದುಬಂದ ದಾರಿ. 2025ರ ಅಕ್ಟೋಬರಿನಲ್ಲಿ ಅಂಗೀಕಾರ ಪಡೆದ ಬಾಡಿಗೆದಾರರ ಹಕ್ಕುಗಳ ಕಾಯಿದೆಯು, 2026ರ ಮೇ 1ರಿಂದ ಮೊದಲ್ಗೊಂಡು, ಇಂಗ್ಲೆಂಡಿನ ಖಾಸಗಿ ಮನೆಗಳಿಗೆ ಒಂದು ತಿಂಗಳಿಗೆ ಮೀರಿದ ಮುಂಗಡವನ್ನು ನಿಷೇಧಿಸುತ್ತದೆ. ಬಡ ಬಾಡಿಗೆದಾರರ ಮಟ್ಟಿಗೆ ಇದು ಉಪಕಾರವೇ ಸರಿ. ಆದರೆ ಜಾಮೀನಿಲ್ಲದ ಪರದೇಶಿ ವಿದ್ಯಾರ್ಥಿಗೆ ಹಣದಿಂದ ನಂಬಿಕೆಯನ್ನು ಕೊಳ್ಳುವ ಆ ಒಂದು ಕಿಂಡಿಯೂ ಇದರಿಂದ ಮುಚ್ಚಿಹೋಗುವ ಸಂಭವವಿದೆ. ಹಣ ಮುಂಗಡವಾಗಿ ಬಾರದೆಂದಾದರೆ ಮನೆಯೊಡೆಯ ಜಾಮೀನಿಗೇ ಇನ್ನಷ್ಟು ಬಿಗಿಯಾಗಿ ಜೋತುಬೀಳುವನು. ಸಾಲದುದಕ್ಕೆ, 2014ರ ವಲಸೆ ಕಾಯಿದೆಯಿಂದಾಗಿ ಬಾಡಿಗೆಗೆ ಬರುವವರ ವೀಸಾವನ್ನು ಪರಿಶೀಲಿಸುವ ಹೊಣೆಯೂ ಇಂಗ್ಲೆಂಡಿನಲ್ಲಿ ಅವನ ಮೇಲೆಯೇ ಬಿದ್ದಿದೆ. ಅತಿಥಿಯನ್ನು ಕರೆಯಬೇಕಾದ ಬಾಗಿಲಿನಲ್ಲಿ ಗಡಿ ಕಾಯುವವನನ್ನು ನಿಲ್ಲಿಸಿದಂತಾಗಿದೆ.

ಹಿಂದಿನವರು ಏನು ಮಾಡುತ್ತಿದ್ದರು? 1888ರಲ್ಲಿ ಹದಿನೆಂಟರ ಹರೆಯದ ಮೋಹನದಾಸ ಗಾಂಧಿ ಬ್ಯಾರಿಸ್ಟರ್ ಪರೀಕ್ಷೆಗೆಂದು ಲಂಡನ್ನಿಗೆ ಹೋದಾಗ ಅವರ ಬಳಿ ನಾಲ್ಕು ಪರಿಚಯಪತ್ರಗಳಿದ್ದವು. ಡಾ. ಪ್ರಾಣಜೀವನ ಮೆಹತಾ, ದಲಪತರಾಮ ಶುಕ್ಲ, ರಾಜಕುಮಾರ ರಣಜಿತ್‌ಸಿಂಹಜಿ, ದಾದಾಭಾಯಿ ನವರೋಜಿ, ಈ ನಾಲ್ವರಿಗೆ ಬರೆದ ಪತ್ರಗಳು. ಹಡಗಿನಿಂದಿಳಿದ ತಂತಿ ತಲುಪಿದ ದಿನವೇ ಡಾ. ಮೆಹತಾ ಬಂದು ಕಂಡರು; ಪರರ ವಸ್ತುವನ್ನು ಮುಟ್ಟಬಾರದು, ಗಟ್ಟಿಯಾಗಿ ಮಾತನಾಡಬಾರದು ಎಂಬಿತ್ಯಾದಿ ರೀತಿನೀತಿಗಳನ್ನು ತಿಳಿಸಿದರು; ಮುಂದೆ ರಿಚ್ಮಂಡಿನ ಮಿತ್ರರೊಬ್ಬರ ಮನೆಯಲ್ಲಿ ಇರಿಸಿದರು. ಇಷ್ಟಾದರೂ ರಾತ್ರಿಗಳಲ್ಲಿ ಊರನ್ನೂ ತಾಯಿಯನ್ನೂ ನೆನೆದು ಕಣ್ಣೀರು ಸುರಿಸುತ್ತಿದ್ದುದನ್ನು ಗಾಂಧೀಜಿ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಸಸ್ಯಾಹಾರ ಹುಡುಕುತ್ತ ದಿನಕ್ಕೆ ಹತ್ತು ಹನ್ನೆರಡು ಮೈಲಿ ನಡೆದು, ಕೊನೆಗೆ ಫ್ಯಾರಿಂಗ್ಡನ್ ಬೀದಿಯ ಉಪಾಹಾರ ಗೃಹವೊಂದರಲ್ಲಿ ಹೊಟ್ಟೆತುಂಬ ಉಂಡ ಮೇಲೆಯೇ ಆ ನಗರ ಅವರಿಗೆ ಒಲಿಯತೊಡಗಿತು. ನಾಲ್ಕು ಕಾಗದಗಳು ದುಃಖವನ್ನು ತಪ್ಪಿಸಲಿಲ್ಲ ನಿಜ, ದಿಕ್ಕೇಡಿತನವನ್ನಂತೂ ತಪ್ಪಿಸಿದವು.

ಎಲ್ಲರಿಗೂ ಅಂಥ ಪತ್ರಗಳು ದೊರೆಯುವಂತಿರಲಿಲ್ಲ. ಬಣ್ಣವನ್ನು ನೋಡಿ ಬಾಗಿಲು ಹಾಕಿಕೊಳ್ಳುವ ಮನೆಯೊಡತಿಯರ ಕಾಲ ಅದು. ಆದ್ದರಿಂದಲೇ 1920ರಲ್ಲಿ ವೈ.ಎಂ.ಸಿ.ಎ. ಸಂಸ್ಥೆಯ ಮುಂದಾಳಾದ ಕೆ. ಟಿ. ಪಾಲ್ ಅವರ ಪ್ರಯತ್ನದಿಂದ ಲಂಡನ್ನಿನಲ್ಲಿ ಭಾರತೀಯ ವಿದ್ಯಾರ್ಥಿಗಳಿಗೊಂದು ನಿಲಯ ಆರಂಭವಾಯಿತು. ಒಬ್ಬ ಸಜ್ಜನನು ಬರೆಯುತ್ತಿದ್ದ ಪತ್ರದ ಕೆಲಸವನ್ನು ಒಂದು ಸಂಸ್ಥೆ ಕೈಗೆತ್ತಿಕೊಂಡಿತು ಎನ್ನಬಹುದು. ಸ್ಟ್ರ್ಯಾಂಡ್ ಬೀದಿಯ ಇಂಡಿಯಾ ಕ್ಲಬ್ಬು ದಶಕಗಳ ಕಾಲ ಇಂಥದೇ ಆಸರೆಯಾಗಿತ್ತು. 2023ರ ಸೆಪ್ಟೆಂಬರಿನಲ್ಲಿ ಅದು ಮುಚ್ಚಿತು.

ಈಗ ಆ ಸ್ಥಾನದಲ್ಲಿ ಯಾರಿದ್ದಾರೆ? ಸಹಜವಾಗಿ ವಿಶ್ವವಿದ್ಯಾನಿಲಯವಿರಬೇಕು. ಆದರೆ ಅದರ ಕಷ್ಟವನ್ನೂ ನೋಡಬೇಕು. ಇಂಗ್ಲೆಂಡಿನಲ್ಲಿ ಸ್ವದೇಶೀ ವಿದ್ಯಾರ್ಥಿಯ ವಾರ್ಷಿಕ ಶುಲ್ಕದ ಮಿತಿ 2012ರಲ್ಲಿ 9,000 ಪೌಂಡು, 2017ರಲ್ಲಿ 9,250. ಆಮೇಲೆ 2025ರಲ್ಲಿ 9,535 ಆಗುವ ತನಕ ಅಲ್ಲಾಡಲಿಲ್ಲ. ಈ ನಡುವೆ ಬೆಲೆಗಳು ಏರುತ್ತ ಹೋದವು. ವಿದೇಶೀಯನ ಶುಲ್ಕಕ್ಕಾದರೆ ಅಂಥ ಮಿತಿಯೇ ಇಲ್ಲ. ಕೊರತೆಯನ್ನು ತುಂಬುವವನು ಹೊರಗಿನಿಂದ ಬಂದವನೇ ಎಂದಾದಾಗ, ವಿದ್ಯಾಪೀಠಕ್ಕೂ ವಿದ್ಯಾರ್ಥಿಗೂ ಇದ್ದ ಸಂಬಂಧ ಅಂಗಡಿಗೂ ಗಿರಾಕಿಗೂ ಇರುವ ಸಂಬಂಧವಾಗುತ್ತದೆ. ಅಂಗಡಿಯವನು ಸರಕನ್ನು ಕೊಡುತ್ತಾನೆ. ಗಿರಾಕಿ ರಾತ್ರಿ ಎಲ್ಲಿ ಮಲಗುತ್ತಾನೆಂದು ಕೇಳುವುದಿಲ್ಲ. ಕೆಲವು ವಿಶ್ವವಿದ್ಯಾನಿಲಯಗಳು ತಮ್ಮ ವಿದ್ಯಾರ್ಥಿಗೆ ತಾವೇ ಜಾಮೀನು ನಿಲ್ಲುವ ಏರ್ಪಾಡು ಮಾಡಿವೆ. ಅವನ್ನು ಮೆಚ್ಚಬೇಕು, ಕೆಲವರ ಔದಾರ್ಯವಾಗಿರುವುದು ಎಲ್ಲರ ಕರ್ತವ್ಯವಾಗಬೇಕು.

ಸದ್ಯಕ್ಕೆ ಆ ಹೊಣೆಯನ್ನು ಹೊತ್ತಿರುವವರು ಸ್ವಭಾಷೆಯ ಬಂಧುಗಳು. ಈಸ್ಟ್ ಹ್ಯಾಮಿನಲ್ಲಿಯೋ ಹ್ಯಾರೋದಲ್ಲಿಯೋ ಮೊದಲೇ ನೆಲಸಿದ ಹಿರಿಯ ವಿದ್ಯಾರ್ಥಿಯೊಬ್ಬ ‘ಬಾರಪ್ಪ, ನಾಲ್ಕು ದಿನ ಇಲ್ಲೇ ಇರು’ ಎಂದರೆ ಅದಕ್ಕಿಂತ ದೊಡ್ಡ ವಿದ್ಯಾರ್ಥಿವೇತನ ಬೇರೊಂದಿಲ್ಲ. ಪರಭಾಷೆಯ ನಡುವೆ ಸ್ವಭಾಷೆ ಬರಿಯ ಸಾಂತ್ವನವಲ್ಲ, ಶಕ್ತಿಯೂ ಹೌದು. ಅನಂತಮೂರ್ತಿಯವರು ‘ಸಂಸ್ಕಾರ’ವನ್ನು ಬರೆದದ್ದು ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದಾಗ ಎಂಬುದನ್ನು ಸಾಹಿತ್ಯಾಭ್ಯಾಸಿಗಳು ಬಲ್ಲರು. ಆದರೆ ಆಸರೆಯೇ ಗೋಡೆಯಾಗುವುದೂ ಉಂಟು. ನಮ್ಮವರ ಕೋಣೆ, ನಮ್ಮವರ ಅಡುಗೆ, ನಮ್ಮವರ ಹರಟೆಗಳಲ್ಲೇ ವರ್ಷ ಕಳೆದರೆ ಲಂಡನ್ನನ್ನು ನೋಡಿದಂತಾಗುವುದೇ ಹೊರತು ಅಲ್ಲಿ ಬಾಳಿದಂತಾಗದು. ಬಂಧುಗಳು ಹೊಸ್ತಿಲು ದಾಟಿಸಿದರೆ ಸಾಕು; ಒಳಗಿನ ಅಂಗಳವನ್ನು ತೋರಿಸಬೇಕಾದುದು ಊರೇ.

ಇಷ್ಟನ್ನು ಲಂಡನ್ನಿಗೆ ಹೇಳುವ ನಾವು ನಮ್ಮ ಊರುಗಳನ್ನೂ ನೋಡಿಕೊಳ್ಳಬೇಡವೆ? ಓದುವ ಹುಡುಗನಿಗೆ ದಿನಕ್ಕೊಂದು ಮನೆಯಲ್ಲಿ ಊಟವಿಕ್ಕುವ ವಾರಾನ್ನದ ಪದ್ಧತಿ ನಮ್ಮಲ್ಲಿತ್ತು. ಅದು ಜಾತಿಯ ಗೆರೆಯನ್ನು ದಾಟಲಿಲ್ಲವೆಂಬುದನ್ನು ಮರೆಯಬಾರದು. ಆ ಗೆರೆಯನ್ನು ಅಳಿಸಿ ಸಾವಿರಾರು ಮಕ್ಕಳಿಗೆ ಅನ್ನ, ಆಶ್ರಯ, ಅಕ್ಷರಗಳನ್ನು ಒಟ್ಟಿಗೆ ಕೊಟ್ಟ ತುಮಕೂರಿನ ಸಿದ್ಧಗಂಗೆಯಂಥ ಕ್ಷೇತ್ರಗಳೂ ನಮ್ಮಲ್ಲಿವೆ. ಆದರೆ ದೇಶದ ಗೆರೆಯ ಆಚೆಯಿಂದ, ಆಫ್ರಿಕದಿಂದಲೂ ಪಶ್ಚಿಮ ಏಷ್ಯದಿಂದಲೂ ಬೆಂಗಳೂರು, ಮೈಸೂರುಗಳಿಗೆ ಓದಲು ಬಂದವರ ಮಾತೇನು? ವಿದೇಶೀಯನಿಗೆ ಇಂಬು ಕೊಟ್ಟವನು 24 ಗಂಟೆಯೊಳಗೆ ಸರಕಾರಕ್ಕೆ ತಿಳಿಸಬೇಕೆಂಬ ನಿಯಮ ಇಲ್ಲಿಯೂ ಇದೆ. ಅದನ್ನೇ ನೆಪಮಾಡಿ ಬಾಗಿಲು ಹಾಕುವವರೂ ಇದ್ದಾರೆ. 2016ರ ಜನವರಿ ಕೊನೆಯಲ್ಲಿ, ಬೇರೊಬ್ಬ ವಿದೇಶೀಯನ ಕಾರು ಎಸಗಿದ ಅಪಘಾತಕ್ಕಾಗಿ, ಬೆಂಗಳೂರಿನ ಹೊರವಲಯದಲ್ಲಿ ಉದ್ರಿಕ್ತ ಗುಂಪೊಂದು ತಾಂಜಾನಿಯದ ವಿದ್ಯಾರ್ಥಿನಿಯೊಬ್ಬಳ ಮೇಲೆ ಕೈಮಾಡಿತು. ಆ ಸಂಜೆ ಅವಳ ಪರವಾಗಿ ‘ನಾನು ಬಲ್ಲೆ’ ಎನ್ನುವ ಬಾಯಿ ಆ ಬೀದಿಗೆ ಬೇಕಾಗಿತ್ತು.

ಹೊಸ ನಗರಕ್ಕೆ ಹೊಂದಿಕೊಳ್ಳುವುದು ವಿದ್ಯಾರ್ಥಿಯ ಜಾಣತನಕ್ಕೆ ಬಿಟ್ಟ ವಿಷಯವೆಂದು ನಾವು ತಿಳಿದಿದ್ದೇವೆ. ಚಳಿಗೆ ಕೋಟು, ಹಸಿವಿಗೆ ಚಟ್ನಿಪುಡಿ, ದುಃಖಕ್ಕೆ ದೂರವಾಣಿ ಎಂದು ಕಟ್ಟಿ ಕಳುಹಿಸುತ್ತೇವೆ. ಇವೆಲ್ಲ ಬೇಕು. ಆದರೆ ನಮ್ಮ ಕಾಲೇಜುಗಳು ಪ್ರಶಂಸಾಪತ್ರ ಬರೆಯುವಷ್ಟೇ ಶ್ರದ್ಧೆಯಿಂದ, ಅಲ್ಲಿಗೆ ಮೊದಲೇ ಹೋಗಿರುವ ತಮ್ಮ ಹಳೆಯ ವಿದ್ಯಾರ್ಥಿಗಳಿಗೆ ಒಂದು ಪರಿಚಯಪತ್ರವನ್ನು ಬರೆಯಬಾರದೇಕೆ? ಶುಲ್ಕ ಪಡೆದ ವಿದ್ಯಾಪೀಠ, ಅಲ್ಲಿಯದಾಗಲಿ ಇಲ್ಲಿಯದಾಗಲಿ, ತನ್ನ ವಿದ್ಯಾರ್ಥಿಯ ಮೊದಲ ಕೋಣೆಗೆ ರುಜು ಹಾಕಬಾರದೇಕೆ? ಹೊರನಾಡಿನವನಾಗುವುದು ವಿದ್ಯೆಗೆ ತೆರಬೇಕಾದ ಬೆಲೆ. ದಿಕ್ಕಿಲ್ಲದವನಾಗುವುದು ಆ ಬೆಲೆಯಲ್ಲಿ ಸೇರಿಲ್ಲ.