ಮನೆಮಂದಿಯೆಲ್ಲ ಕೂತು ನೋಡತಕ್ಕ ದೆವ್ವದ ಚಿತ್ರಗಳು

ಕಳೆದ ವರ್ಷ ಅಕ್ಟೋಬರ್ ತಿಂಗಳ ಕೊನೆಯ ವಾರ. ಶ್ರೀನಿವಾಸಪುರದಿಂದ ಕೋಲಾರಕ್ಕೆ ಬರುವ ಬೆಳಗಿನ ಬಸ್ಸಿನಲ್ಲಿ ನನ್ನ ಸಹಪಾಠಿಯೊಬ್ಬ ತನ್ನ ಫೋನಿನಲ್ಲಿ ಒಂದು ಪಟ್ಟಿಯನ್ನು ತೋರಿಸಿದ. ಹ್ಯಾಲೋವೀನ್ ರಾತ್ರಿ ನೋಡಲೇಬೇಕಾದ ಹತ್ತು ಭಯಾನಕ ಚಿತ್ರಗಳ ಪಟ್ಟಿ ಅದು. ಹತ್ತೂ ಇಂಗ್ಲಿಷ್ ಚಿತ್ರಗಳು. ಅಂದು ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಅವುಗಳಲ್ಲಿ ಒಂದನ್ನು ನೋಡಲು ಕುಳಿತೆ. ಅರ್ಧ ಗಂಟೆಯೊಳಗೆ ಮೂರು ಕೊಲೆಗಳಾದವು. ನಾಲ್ಕನೆಯದರ ಹೊತ್ತಿಗೆ ನನ್ನ ಬೆನ್ನ ಹಿಂದೆ ಯಾರೋ ಕಿಟಾರನೆ ಕಿರುಚಿದರು. ತಿರುಗಿ ನೋಡಿದರೆ, ನೀರು ಕುಡಿಯಲೆಂದು ಎದ್ದು ಬಂದಿದ್ದ ನನ್ನ ತಂಗಿ! ಆಮೇಲೆ ಒಂದು ವಾರ ಆಕೆ ಬಚ್ಚಲಿಗೆ ಹೋಗಬೇಕಾದರೂ ಅಮ್ಮ ಜೊತೆಗೆ ನಿಲ್ಲಬೇಕಾಯಿತು. ನನಗೆ ಸಿಕ್ಕಿದ ಬೈಗುಳಗಳನ್ನು ಕಾಲೇಜಿನ ಸಂಚಿಕೆಯಲ್ಲಿ ಬರೆಯುವಂತಿಲ್ಲ. ಈ ಲೇಖನವು ಅಂದಿನ ತಪ್ಪಿಗೆ ನಾನು ಮಾಡಿಕೊಳ್ಳುತ್ತಿರುವ ಪ್ರಾಯಶ್ಚಿತ್ತವೆಂದು ವಾಚಕರು ತಿಳಿಯಬಹುದು.

ಹ್ಯಾಲೋವೀನ್ ಎಂಬುದು ಅಕ್ಟೋಬರ್ 31ರ ರಾತ್ರಿ. ಮರುದಿನ ಕ್ರೈಸ್ತರಿಗೆ ಸಕಲ ಸಂತರ ದಿನ. ಅದರ ಮಾರನೆಯ ದಿನ ಸತ್ತವರ ಸ್ಮರಣೆಯ ದಿನ. ಈ ಹೊತ್ತಿನಲ್ಲಿ ಆತ್ಮಗಳು ಓಡಾಡುತ್ತವೆಂಬುದು ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಹಳೆಯ ನಂಬಿಕೆ. ಅಲ್ಲಿಯವರು ಗೆಡ್ಡೆಗಳನ್ನು ಕೊರೆದು ಒಳಗೆ ದೀಪವಿಡುತ್ತಿದ್ದರು. ಅಮೆರಿಕಕ್ಕೆ ವಲಸೆ ಹೋದ ಮೇಲೆ ಅದೇ ಕೆಲಸಕ್ಕೆ ಕುಂಬಳಕಾಯಿ ಸಿಕ್ಕಿತು. ಇದು ಪರದೇಶದ ಹಬ್ಬ, ನಮಗೇಕೆ ಎಂದು ಮೂಗು ಮುರಿಯುವವರುಂಟು. ನನಗಂತೂ ಇದರಲ್ಲಿ ಪರಕೀಯವಾದದ್ದು ಹೆಚ್ಚೇನೂ ಕಾಣಲಿಲ್ಲ. ನಾವೂ ಮಹಾಲಯ ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆ ಇಡುತ್ತೇವೆ. ಬೂದುಗುಂಬಳಕ್ಕೆ ಕೋರೆಹಲ್ಲಿನ ರಾಕ್ಷಸನ ಮುಖ ಬರೆದು ಹೊಸ ಮನೆಯ ಮುಂದೆ ತೂಗುಹಾಕುತ್ತೇವೆ.

ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿಯೂ ಸುತ್ತಲಿನ ಊರುಗಳಲ್ಲಿಯೂ ಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದ ಸಂಗತಿಯನ್ನು ಮಾಲೂರಿನ ಗೆಳತಿಯೊಬ್ಬಳ ತಾಯಿ ಈಗಲೂ ನೆನೆಯುತ್ತಾರೆ. ರಾತ್ರಿ ಬಂದು ಬಾಗಿಲು ತಟ್ಟಿ, ಮನೆಯವರ ದನಿಯಲ್ಲೇ ಕೂಗುವ ದೆವ್ವವು ಆ ಬರಹವನ್ನು ಓದಿ ಹಿಂದಿರುಗುತ್ತಿತ್ತಂತೆ. ಅಕ್ಷರ ಬಲ್ಲ ದೆವ್ವ! ನಮ್ಮ ಮನೆಯಲ್ಲಿ ಆಗ ಅಕ್ಷರ ಬಲ್ಲವರು ಯಾರೂ ಇರಲಿಲ್ಲವಾದ್ದರಿಂದ ಪಕ್ಕದ ಮನೆಯ ಹುಡುಗನಿಂದ ಬರೆಸಿದರಂತೆ. ಈ ಕಥೆಯೇ 2018ರಲ್ಲಿ 'ಸ್ತ್ರೀ' ಎಂಬ ಹಿಂದಿ ಚಿತ್ರಕ್ಕೆ ಬೀಜವಾಯಿತು. ಹೀಗಿರಲು, ದೆವ್ವದ ಕಥೆಗಾಗಿ ನಾವು ಬೇರೆ ದೇಶದ ಪಟ್ಟಿಯನ್ನು ಹುಡುಕಬೇಕಾಗಿಲ್ಲ.

ಮಕ್ಕಳಿಗೆ ಇಂಥ ಚಿತ್ರಗಳನ್ನು ತೋರಿಸಲೇಬಾರದು ಎಂಬ ವಾದವೂ ಇದೆ. ಇದನ್ನು ನಾನು ಒಪ್ಪಲಾರೆ. ನಾವು ತೋರಿಸದಿದ್ದರೂ ಮಕ್ಕಳು ಹುಣಸೆಮರದ ದೆವ್ವದ ಕಥೆಯನ್ನು ಎಲ್ಲಿಂದಲಾದರೂ ಕೇಳಿಯೇ ಕೇಳುತ್ತಾರೆ. ಹೆದರುವುದರಲ್ಲಿ ಒಂದು ಸಂತೋಷವೂ ಇದೆ. ಅದು ಅಜ್ಜಿಯ ಸೆರಗಿನ ಮರೆಯಲ್ಲಿ ಕುಳಿತು ಹೆದರುವಾಗಿನ ಸಂತೋಷ. ಆದ್ದರಿಂದ ಚಿತ್ರ ಎಷ್ಟು ಹೆದರಿಸುತ್ತದೆ ಎಂದು ಕೇಳುವುದಕ್ಕಿಂತ, ಹೆದರಿಸಿದ ಮೇಲೆ ಮನಸ್ಸಿನಲ್ಲಿ ಏನನ್ನು ಉಳಿಸುತ್ತದೆ ಎಂದು ಕೇಳಬೇಕು. ಬರಿಯ ಭಯವನ್ನೇ ಉಳಿಸಿದರೆ ಅದು ಮನೆಗೆ ತಕ್ಕ ಚಿತ್ರವಲ್ಲ. ದೆವ್ವವೆನಿಸಿದವರ ಮೇಲೆ ಕೊಂಚ ಕರುಣೆಯನ್ನೂ ಉಳಿಸಿದರೆ ಎಲ್ಲರೂ ಕೂತು ನೋಡಬಹುದು.

ತೀರ ಚಿಕ್ಕ ಮಕ್ಕಳಿರುವ ಮನೆಯಲ್ಲಿ 1957ರ 'ಮಾಯಾಬಜಾರ್'ನಿಂದ ತೊಡಗುವುದು ಕ್ಷೇಮ. ಅದು ದೆವ್ವದ ಚಿತ್ರವಲ್ಲ, ರಾಕ್ಷಸರ ಚಿತ್ರ, ಆದರೆ ಎಸ್. ವಿ. ರಂಗರಾವ್ ಅವರ ಘಟೋತ್ಕಚನು ಮದುವೆಯ ಊಟವನ್ನೆಲ್ಲ ಒಬ್ಬನೇ ಮುಗಿಸುವುದನ್ನು ನೋಡಿದ ಮಗು ಮತ್ತೆ ರಾಕ್ಷಸನೆಂದರೆ ನಗುತ್ತದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎನ್ನುವ ನಮ್ಮ ಜಿಲ್ಲೆಯ ಎಷ್ಟೋ ಮನೆಗಳಿಗೆ ಅದರ ಮಾತು ಹೊಸದೂ ಅಲ್ಲ. ಇದಾದ ಮೇಲೆ ವಿಶಾಲ್ ಭಾರದ್ವಾಜರ 'ಮಕ್ಡೀ' (2002) ನೋಡಬಹುದು. ಪಾಳುಬಂಗಲೆಯ ಮಾಟಗಾತಿಯಾಗಿ ಶಬಾನಾ ಆಜ್ಮಿ ನಿಜಕ್ಕೂ ಹೆದರಿಸುತ್ತಾರೆ. ಅವಳ ಗುಟ್ಟನ್ನು ಬಯಲಿಗೆಳೆಯುವವಳು ಒಬ್ಬ ಪುಟ್ಟ ಹುಡುಗಿ. ಇಂಗ್ಲಿಷ್ ಚಿತ್ರವೇ ಬೇಕೆನ್ನುವವರಿಗೆ 2017ರ 'ಕೋಕೋ' ಇದೆ. ಮೆಕ್ಸಿಕೋ ದೇಶದಲ್ಲಿ ಸತ್ತವರ ಭಾವಚಿತ್ರವಿಟ್ಟು ಎಡೆ ಇಡುವ ಹಬ್ಬದ ಕಥೆ ಅದು. ಬದುಕಿರುವವರು ಮರೆತಾಗಲೇ ಸತ್ತವರು ನಿಜವಾಗಿ ಸಾಯುತ್ತಾರೆಂಬುದು ಅದರ ತಿರುಳು. ನನ್ನ ತಂಗಿಯನ್ನು ಮತ್ತೆ ಒಬ್ಬಳೇ ಬಚ್ಚಲಿಗೆ ಹೋಗುವಂತೆ ಮಾಡಿದ್ದು ಈ ಚಿತ್ರ.

ಹೈಸ್ಕೂಲು ದಾಟಿದವರಿಗೆ ಅನಂತನಾಗ್ ಮತ್ತು ಲಕ್ಷ್ಮಿಯವರ 'ನಾ ನಿನ್ನ ಬಿಡಲಾರೆ' (1979). ಗಂಡನನ್ನು ಕಾಡುವ ಹೆಣ್ಣು ಪ್ರೇತ, ಅವನನ್ನು ಉಳಿಸಿಕೊಳ್ಳಲು ಮಂತ್ರಾಲಯದ ರಾಯರ ಮೊರೆ ಹೋಗುವ ಹೆಂಡತಿ. ನಮ್ಮ ಹಳ್ಳಿಗಳಲ್ಲಿ ದೆವ್ವ ಹಿಡಿಯುವುದೆಲ್ಲ ಹೆಂಗಸರಿಗೇ. ಈ ಚಿತ್ರದಲ್ಲಿ ಗಂಡಸಿಗೆ ಹಿಡಿಯುತ್ತದೆ. ಅದೊಂದು ಸಮಾಧಾನ. ಉಪೇಂದ್ರ ನಿರ್ದೇಶಿಸಿದ 'ಶ್!' (1993), ಅನೂಪ್ ಭಂಡಾರಿಯವರ 'ರಂಗಿತರಂಗ' (2015), ಇವೆರಡೂ ದೆವ್ವದ ಹೆಸರಿನಲ್ಲಿ ಮನುಷ್ಯ ಏನೇನು ಮಾಡಬಲ್ಲನೆಂದು ಯೋಚಿಸುವಂತೆ ಮಾಡುತ್ತವೆ. ಎರಡರಲ್ಲಿಯೂ ಕೊಲೆಗಳಿರುವುದರಿಂದ ಚಿಕ್ಕವರನ್ನು ಮಲಗಿಸಿ ನೋಡುವುದು ಲೇಸು.

ಇವೆಲ್ಲಕ್ಕೂ ಮೇಲೆ ನಾನು ಇಡುವುದು 2004ರ 'ಆಪ್ತಮಿತ್ರ'ವನ್ನು. ಮಲಯಾಳದ 'ಮಣಿಚಿತ್ರತಾಳ್' (1993) ಚಿತ್ರವನ್ನು ಆಧರಿಸಿ ಪಿ. ವಾಸು ನಿರ್ದೇಶಿಸಿದ ಚಿತ್ರ. ಇಪ್ಪತ್ತು ವರ್ಷಕ್ಕೂ ಹಳೆಯದಾದ್ದರಿಂದ ಕಥೆಯನ್ನು ಹೇಳಿಬಿಟ್ಟರೆ ಅಪರಾಧವಾಗದು. ಹಳೆಯ ಅರಮನೆಗೆ ವಾಸಕ್ಕೆ ಬಂದ ಗಂಗಾ, ಬೀಗ ಹಾಕಿದ ಕೋಣೆಯ ಬಾಗಿಲನ್ನು ತೆರೆಸುತ್ತಾಳೆ. ಹಿಂದೆ ಅಲ್ಲಿ ರಾಜನ ಕ್ರೌರ್ಯಕ್ಕೆ ಬಲಿಯಾದ ನಾಗವಲ್ಲಿ ಎಂಬ ನರ್ತಕಿಯ ಕಥೆ ಅವಳ ಮನಸ್ಸನ್ನು ಹೊಕ್ಕು, ಕೊನೆಗೆ ತಾನೇ ನಾಗವಲ್ಲಿ ಎಂದು ಆಡತೊಡಗುತ್ತಾಳೆ. ಎಲ್ಲರೂ ದೆವ್ವವೆಂದು ನಡುಗುವಾಗ, ವಿಷ್ಣುವರ್ಧನ್ ಅಭಿನಯಿಸಿದ ಡಾಕ್ಟರು ಮಾತ್ರ ಇದು ಮನಸ್ಸಿನ ಕಾಯಿಲೆ ಎಂದು ಗುರುತಿಸುತ್ತಾರೆ. 2010ರಲ್ಲಿ ಬಂದ ಇದರ ಮುಂದುವರಿಕೆ 'ಆಪ್ತರಕ್ಷಕ'ದಲ್ಲಿ ಭಯ ಹೆಚ್ಚು, ವಿವೇಕ ಕಡಿಮೆ ಎಂದು ನನ್ನ ಅಭಿಪ್ರಾಯ.

ಈ ಚಿತ್ರವನ್ನು ಮೊದಲ ಸ್ಥಾನದಲ್ಲಿಡಲು ನನಗೆ ಮನೆಯ ಕಾರಣವೊಂದಿದೆ. ಬರೆಯಬಹುದೇ ಎಂದು ಅತ್ತೆಯನ್ನು ಕೇಳಿದೆ. "ಬರಿ, ಹೆಸರೊಂದು ಬೇಡ" ಎಂದರು.

ಅತ್ತೆ ನಮ್ಮ ತಂದೆಯವರ ತಂಗಿ. ಎರಡನೆಯ ಹೆರಿಗೆಯಾದ ಕೆಲವು ವಾರಗಳಿಗೆ ಅವರಿಗೆ ನಿದ್ದೆ ಹೋಯಿತು. ಮಗುವನ್ನು ಎತ್ತಿಕೊಳ್ಳಲು ಹೆದರುತ್ತಿದ್ದರು. ಯಾರೋ ಕರೆಯುತ್ತಿದ್ದಾರೆಂದು ನಡುರಾತ್ರಿ ಎದ್ದು ಮಾವಿನ ತೋಪಿನ ಕಡೆ ನಡೆಯುತ್ತಿದ್ದರು. ಗಾಳಿ ಸೋಕಿದೆ ಎಂದು ಊರೆಲ್ಲ ಆಡಿಕೊಂಡಿತು. ಮನೆಯವರು ಒಬ್ಬ ಮಂತ್ರವಾದಿಯ ಬಳಿಗೆ ಕರೆದೊಯ್ದರು. ಅವನು ಮೆಣಸಿನಕಾಯಿಯ ಹೊಗೆ ಹಾಕಿ, ಹುಣಸೆ ಬರಲಿನಿಂದ ಹೊಡೆದು, ಯಾರು ನೀನು ಎಂದು ಕೇಳಿದ. ಅತ್ತೆ ತಮ್ಮ ಹೆಸರನ್ನೇ ಹೇಳಿದರು. ಸುಳ್ಳು ಹೇಳುತ್ತದೆ ಎಂದು ಮತ್ತೆ ಹೊಡೆದ. ಆಗ ನಾನು ಆರನೆಯ ತರಗತಿಯಲ್ಲಿದ್ದೆ. ಬಾಗಿಲ ಸಂದಿಯಿಂದ ನೋಡಿದೆ. ನಾನು ನೋಡಿದ ಮೊದಲನೆಯ ಭಯಾನಕ ಚಿತ್ರ ಅದೇ.

ಮುಂದೆ ಕೆಲವು ತಿಂಗಳ ಬಳಿಕ ಒಂದು ಭಾನುವಾರ ಟೆಲಿವಿಷನ್ನಿನಲ್ಲಿ 'ಆಪ್ತಮಿತ್ರ' ಬಂದಿತು. ನಮ್ಮ ಅವ್ವ ಮುಂದೆ ಕುಳಿತಿದ್ದಳು. ಅವ್ವ ಎಂದರೆ ಅಜ್ಜಿ. ನಮ್ಮ ಕಡೆ ತೆಲುಗಿನ ರೂಢಿಯಂತೆ ಅಜ್ಜಿಯನ್ನೇ ಹಾಗೆ ಕರೆಯುತ್ತೇವೆ. ನಾಗವಲ್ಲಿ ತೆಲುಗಿನಲ್ಲಿ ಮಾತಾಡತೊಡಗಿದಾಗ ಅವಳಿಗೆ ಯಾರೂ ಅರ್ಥ ಹೇಳಬೇಕಾಗಲಿಲ್ಲ. ಚಿತ್ರ ಮುಗಿದ ಮೇಲೆ ಅವ್ವ, "ಆ ಡಾಕ್ಟರು ಕೊನೆಯ ತನಕ ಆ ಹುಡುಗೀನ ಒಂದೇಟೂ ಹೊಡೀಲಿಲ್ಲವಲ್ಲ" ಎಂದಳು. ಗೋಡೆಗೊರಗಿ ಕುಳಿತಿದ್ದ ಅತ್ತೆ, "ನನ್ನ ಹೊಡೆಸಿದ್ರಲ್ಲಮ್ಮ" ಎಂದರು. ಅಷ್ಟು ತಿಂಗಳಲ್ಲಿ ಅವರು ತಾವಾಗಿ ಆಡಿದ ಪೂರ್ತಿ ಮಾತು ಅದೊಂದೇ. ಅಂದು ರಾತ್ರಿ ಅವ್ವ ಊಟ ಮಾಡಲಿಲ್ಲ.

ಮಾರನೆಯ ದಿನವೇ ಎಲ್ಲವೂ ಸರಿಹೋಯಿತೆಂದರೆ ಅದೂ ಒಂದು ಸಿನಿಮಾ ಕಥೆಯಾದೀತು. ಮತ್ತೂ ಎರಡು ತಿಂಗಳು ಮನೆಯಲ್ಲಿ ವಾದವಾಯಿತು. ಕೊನೆಗೆ ಅವ್ವನೇ ಹಟ ಹಿಡಿದು ಬೆಂಗಳೂರಿನ ವೈದ್ಯರಿಗೆ ತೋರಿಸಿದಳು. ಬಾಣಂತಿಯರಿಗೆ ಬರುವ ಕಾಯಿಲೆ, ಗುಣವಾಗುವಂಥದು ಎಂದು ಅವರು ಹೇಳಿದರು. ಮಾತ್ರೆಗಳನ್ನು ನುಂಗಲು ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಈಗ ಅತ್ತೆ ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಾರೆ.

'ಆಪ್ತಮಿತ್ರ'ದಲ್ಲಿರುವುದು ನಿಜವಾದ ವೈದ್ಯವಲ್ಲವೆಂಬುದನ್ನು ಬಲ್ಲೆ. ಹಾಡು ಕುಣಿತದಿಂದ, ಗೊಂಬೆಯೊಂದನ್ನು ಮುಂದೊಡ್ಡುವ ಉಪಾಯದಿಂದ ಒಂದೇ ರಾತ್ರಿಯಲ್ಲಿ ಯಾವ ಕಾಯಿಲೆಯೂ ವಾಸಿಯಾಗದು. ಆದರೆ ಆ ಚಿತ್ರ ನಮ್ಮ ಮನೆಗೆ ಹೇಳಿದ ಒಂದು ಮಾತನ್ನು ಯಾವ ಭಾಷಣವೂ ಹೇಳಿರಲಿಲ್ಲ: ಹೆದರಿಸುತ್ತಿರುವವಳೇ ಎಲ್ಲರಿಗಿಂತ ಹೆಚ್ಚು ಹೆದರಿದ್ದಾಳೆ. ಕಾನೂನೂ ಈಗ ನಮ್ಮ ಕಡೆಗಿದೆ. ಅಮಾನವೀಯ ಪದ್ಧತಿಗಳನ್ನೂ ಮಾಟಮಂತ್ರವನ್ನೂ ತಡೆಯುವ 2017ರ ಕರ್ನಾಟಕದ ಕಾಯಿದೆ 2020ರ ಜನವರಿಯಲ್ಲಿ ಜಾರಿಗೆ ಬಂದಿದೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು ಅಪರಾಧ. ಬೆಂಗಳೂರಿನ ನಿಮ್ಹಾನ್ಸ್ ನಮ್ಮ ಜಿಲ್ಲೆಗೆ ದೂರವೇನಲ್ಲ. 2022ರಿಂದ 14416 ಎಂಬ ಟೆಲಿ-ಮನಸ್ ಸಂಖ್ಯೆಗೆ ಮನೆಯಿಂದಲೇ ಕರೆ ಮಾಡಿ ಮಾತನಾಡಬಹುದು. ಆದರೆ ಕಾಯಿದೆ ಹಳ್ಳಿಯ ಬಾಗಿಲಿಗೆ ಬರುವ ಮುನ್ನ ಚಲಚ್ಚಿತ್ರ ಬರುತ್ತದೆ. ಆದ್ದರಿಂದಲೇ ಯಾವ ಚಿತ್ರವನ್ನು ಮನೆಗೆ ಕರೆಯುತ್ತೇವೆ ಎಂಬುದು ಸಣ್ಣ ವಿಷಯವಲ್ಲ.

ಕೊನೆಗೊಂದು ಮಾತು. ಗಂಗಾ ಆಗಿ, ನಾಗವಲ್ಲಿಯಾಗಿ ಅಭಿನಯಿಸಿದ ಸೌಂದರ್ಯ ನಮ್ಮ ಮುಳಬಾಗಿಲು ತಾಲ್ಲೂಕಿನ ಮಗಳು; ಗಿರೀಶ ಕಾಸರವಳ್ಳಿಯವರ 'ದ್ವೀಪ'ವನ್ನು ನಿರ್ಮಿಸಿ ಅದರಲ್ಲಿ ನಟಿಸಿದಾಕೆ. 2004ರ ಏಪ್ರಿಲ್ 17ರಂದು ಬೆಂಗಳೂರಿನ ಬಳಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. 'ಆಪ್ತಮಿತ್ರ' ತೆರೆಕಂಡದ್ದು ಆ ವರ್ಷದ ಆಗಸ್ಟ್‌ನಲ್ಲಿ. ಆಗ ಚಿತ್ರಮಂದಿರದಲ್ಲಿ ನೋಡಿದ ಮುಳಬಾಗಿಲಿನ ಗೆಳೆಯನೊಬ್ಬನ ತಾಯಿ ಹೇಳುವಂತೆ, ಸತ್ತವಳು ಕಣ್ಣೆದುರು ಕುಣಿಯುತ್ತಿದ್ದರೂ ಯಾರೂ ಹೆದರಲಿಲ್ಲವಂತೆ. ಅಕ್ಕಪಕ್ಕದ ಹೆಂಗಸರು ಅಳುತ್ತಿದ್ದರಂತೆ.

ಅಕ್ಟೋಬರ್ 31ರ ಮರುದಿನ ನಮಗೆ ಕನ್ನಡ ರಾಜ್ಯೋತ್ಸವ. ಆ ಮುನ್ನಾದಿನದ ರಾತ್ರಿ ಒಂದು ಕನ್ನಡ ದೆವ್ವದ ಚಿತ್ರವನ್ನು ಮನೆಮಂದಿಯೆಲ್ಲ ಕೂತು ನೋಡಿರೆಂದು ಸೋದರ ಸೋದರಿಯರಲ್ಲಿ ನನ್ನ ಬಿನ್ನಹ. ಅಜ್ಜಿಯನ್ನು ಮುಂದೆ ಕೂರಿಸಿ. ಮನೆಯಲ್ಲಿ ಗೋಡೆಗೊರಗಿ ಸುಮ್ಮನೆ ಕುಳಿತವರು ಯಾರಾದರೂ ಇದ್ದರೆ ಅವರನ್ನೂ ಕರೆಯಿರಿ. ಚಿತ್ರ ಮುಗಿದ ಮೇಲೆ ಕೂಡಲೇ ದೀಪ ಆರಿಸಬೇಡಿ. ಯಾರಾದರೂ ಏನಾದರೂ ಹೇಳಬಹುದು.

— ಅಂತಿಮ ಬಿ. ಎ. ವಿದ್ಯಾರ್ಥಿ