ಆರತಿಗೆ ಮುನ್ನ ಅರಿವು

ಕರ್ನಾಟಕದ ಹಲವು ಸಮುದಾಯಗಳಲ್ಲಿ ಹೆಣ್ಣುಮಗಳು ಮೈನೆರೆದ ಮೇಲೆ ನಡೆಯುವ ಶಾಸ್ತ್ರಗಳಿಗೆ ಕೊರತೆಯೇನಿಲ್ಲ. ಸೋದರಮಾವ ಹಸಿರು ಸೊಪ್ಪಿನ ಗುಡ್ಲು ಹಾಕುತ್ತಾನೆ, ಮುತ್ತೈದೆಯರು ಆರತಿ ಎತ್ತಿ ಸೋಬಾನೆ ಹೇಳುತ್ತಾರೆ, ಕೊಬ್ಬರಿ ಬೆಲ್ಲ, ಚಿಗಳಿ, ಮೆಂತ್ಯದ ಹಿಟ್ಟು, ತುಪ್ಪ ಎಂದು ದಿನಕ್ಕೊಂದು ಬಗೆಯ ಆರೈಕೆ ನಡೆಯುತ್ತದೆ, ಅನುಕೂಲವುಳ್ಳವರು ಛತ್ರ ಹಿಡಿದು ಊಟ ಹಾಕಿಸುವುದೂ ಉಂಟು. ಆದರೆ ಇಷ್ಟೆಲ್ಲ ಸಡಗರಕ್ಕೆ ಕಾರಣವಾದ ಸಂಗತಿ ಏನು, ಅದು ಏಕೆ ಆಗುತ್ತದೆ, ಆದಾಗ ಏನು ಮಾಡಬೇಕು ಎಂಬುದನ್ನು ಆ ದಿನಕ್ಕೆ ಮೊದಲೇ ಮಗುವಿಗೆ ತಿಳಿಸಿ ಹೇಳುವ ವಾಡಿಕೆ ಮಾತ್ರ ಬಹಳ ಮನೆಗಳಲ್ಲಿ ಇಲ್ಲ. ಮೊದಲ ಮುಟ್ಟಿನ ಸಿದ್ಧತೆಯೆಂದರೆ ಈ ಮುಂಚಿನ ಅರಿವೇ ಹೊರತು ನಂತರದ ಸಂಭ್ರಮವಲ್ಲ. ಅದನ್ನು ಒದಗಿಸುವುದು ಪೋಷಕರ ಕರ್ತವ್ಯ.

ಈ ಕೊರತೆ ಕೇವಲ ಊಹೆಯದಲ್ಲ. ಭಾರತದ ಹದಿಹರೆಯದ ಹುಡುಗಿಯರ ಮುಟ್ಟಿನ ನಿರ್ವಹಣೆಯ ಬಗ್ಗೆ ನಡೆದ 138 ಅಧ್ಯಯನಗಳನ್ನು ಒಟ್ಟುಗೂಡಿಸಿ, 97 ಸಾವಿರಕ್ಕೂ ಹೆಚ್ಚು ಹುಡುಗಿಯರ ಮಾಹಿತಿಯನ್ನು ಪರಿಶೀಲಿಸಿದ ಸಮೀಕ್ಷಾ ಲೇಖನವೊಂದು 2016ರಲ್ಲಿ ‘ಬಿಎಂಜೆ ಓಪನ್’ ವೈದ್ಯಕೀಯ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಮೊದಲ ಬಾರಿ ಮುಟ್ಟಾಗುವುದಕ್ಕೆ ಮುನ್ನ ಅದರ ಬಗ್ಗೆ ತಿಳಿದಿದ್ದವರು ಸುಮಾರು ಅರ್ಧದಷ್ಟು ಹುಡುಗಿಯರು ಮಾತ್ರ ಎಂಬುದು ಅದರ ಮುಖ್ಯ ಕಾಣ್ಕೆಗಳಲ್ಲಿ ಒಂದು. ಉಳಿದವರು ಒಳಉಡುಪಿನ ಮೇಲಿನ ರಕ್ತವನ್ನು ಕಂಡ ಕ್ಷಣದಲ್ಲಿ ಅದನ್ನು ಗಾಯವೆಂದೋ ಕಾಯಿಲೆಯೆಂದೋ ತಮ್ಮದೇ ಯಾವುದೋ ತಪ್ಪಿನ ಫಲವೆಂದೋ ತಿಳಿಯುವುದು ಸಹಜ. ಹೀಗೆ ಹೆದರಿದ ಮಗುವಿಗೆ ಸಿಗುವ ಮೊದಲ ವಿವರಣೆ ‘ಅದನ್ನು ಮುಟ್ಟಬೇಡ, ಇಲ್ಲಿ ಕೂರಬೇಡ, ಯಾರಿಗೂ ಹೇಳಬೇಡ’ ಎಂಬ ಕಟ್ಟಳೆಗಳ ರೂಪದಲ್ಲಿ ಬಂದರೆ, ತನ್ನ ದೇಹದ ಬಗೆಗಿನ ಅವಳ ಮೊದಲ ಪಾಠವೇ ನಾಚಿಕೆಯ ಪಾಠವಾಗುತ್ತದೆ.

ಯಾವಾಗ ಹೇಳಬೇಕು ಎಂಬ ಪ್ರಶ್ನೆಗೆ ದೇಹವೇ ಮುನ್ಸೂಚನೆ ಕೊಡುತ್ತದೆ. ಮಿದುಳಿನ ಹೈಪೊಥಲಾಮಸ್ ಎಂಬ ಭಾಗವು ಅದರ ಕೆಳಗಿರುವ ಪಿಟ್ಯುಟರಿ ಗ್ರಂಥಿಯನ್ನು ಪ್ರಚೋದಿಸಿ, ಆ ಗ್ರಂಥಿಯ ರಸದೂತಗಳು, ಅಂದರೆ ರಕ್ತದ ಮೂಲಕ ಸಂದೇಶ ಒಯ್ಯುವ ರಾಸಾಯನಿಕಗಳು, ಅಂಡಾಶಯಗಳನ್ನು ತಲುಪಿದಾಗ ಅಲ್ಲಿ ಈಸ್ಟ್ರೊಜೆನ್ ಉತ್ಪಾದನೆ ಹೆಚ್ಚುತ್ತದೆ. ಇದರ ಮೊದಲ ಗುರುತಾಗಿ ಸಾಮಾನ್ಯವಾಗಿ 8ರಿಂದ 13 ವರ್ಷದ ನಡುವೆ ಎದೆಯಲ್ಲಿ ಸಣ್ಣ ಗಂಟಿನಂಥ ಉಬ್ಬು ಕಾಣಿಸಿಕೊಳ್ಳುತ್ತದೆ. ಅದಾದ ಸುಮಾರು ಎರಡರಿಂದ ಎರಡೂವರೆ ವರ್ಷಕ್ಕೆ ಮೊದಲ ಮುಟ್ಟು ಬರುತ್ತದೆ. ಈ ನಡುವೆ ಎತ್ತರ ಭರಭರನೆ ಏರುತ್ತದೆ, ಕಂಕುಳು ಮತ್ತು ಜನನಾಂಗದ ಸುತ್ತ ಕೂದಲು ಮೂಡುತ್ತದೆ, ಮುಟ್ಟಿಗೆ ಕೆಲವು ತಿಂಗಳು ಮುಂಚೆ ಬಿಳಿಸೆರಗು, ಅಂದರೆ ಯೋನಿಯಿಂದ ಬರುವ ತೆಳುವಾದ ಬಿಳಿಯ ದ್ರವ, ಕಾಣಿಸಿಕೊಳ್ಳುತ್ತದೆ. ಭಾರತದಲ್ಲಿ ಹೆಚ್ಚಿನ ಹುಡುಗಿಯರು 12–13ರ ಆಸುಪಾಸಿನಲ್ಲಿ ಋತುಮತಿಯರಾದರೂ ಒಂಬತ್ತು ಹತ್ತರಲ್ಲೇ ಆಗುವವರೂ ಇರುವುದರಿಂದ, ಮಾತು ಎಂಟನೆಯ ವಯಸ್ಸಿನ ಹೊತ್ತಿಗೆ ಆರಂಭವಾಗಬೇಕು. ಎದೆಯ ಬೆಳವಣಿಗೆ ಕಂಡ ಮೇಲಂತೂ ತಡ ಮಾಡುವಂತಿಲ್ಲ.

ಮಗಳನ್ನು ಒಂದು ದಿನ ಕೂರಿಸಿಕೊಂಡು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸುವುದು ಸಿದ್ಧತೆಯಲ್ಲ. ಅಂಗಡಿಯಲ್ಲಿ ಪ್ಯಾಡಿನ ಪೊಟ್ಟಣ ಕಂಡಾಗ, ದೂರದರ್ಶನದಲ್ಲಿ ಅದರ ಜಾಹೀರಾತು ಬಂದಾಗ, ತಾಯಿಗೇ ಮುಟ್ಟಾದಾಗ ಮಗು ಕೇಳುವ ಪ್ರಶ್ನೆಗೆ ‘ನಿನಗೆ ಈಗಲೇ ಬೇಡ’ ಎನ್ನದೆ ಅದರ ವಯಸ್ಸಿಗೆ ತಕ್ಕಷ್ಟು ನಿಜವನ್ನು ಹೇಳುತ್ತ ಹೋದರೆ ಮಾತು ತಾನಾಗಿ ಬೆಳೆಯುತ್ತದೆ. ಗರ್ಭಕೋಶದ ಒಳಪದರ ಪ್ರತಿ ಚಕ್ರದಲ್ಲೂ ರಕ್ತನಾಳಗಳಿಂದ ತುಂಬಿ ದಪ್ಪವಾಗುತ್ತದೆ, ಗರ್ಭ ನಿಲ್ಲದಿದ್ದಾಗ ಅದು ಕಳಚಿ ರಕ್ತದೊಂದಿಗೆ ಹೊರಬರುತ್ತದೆ, ಅದು ಕೆಟ್ಟ ರಕ್ತವೂ ಅಲ್ಲ, ದೇಹದ ಹೊಲಸೂ ಅಲ್ಲ ಎಂಬಷ್ಟು ಒಂಬತ್ತು ವರ್ಷದ ಮಗುವಿಗೆ ಅರ್ಥವಾಗುತ್ತದೆ. ಮೂತ್ರದ ದ್ವಾರ, ಯೋನಿ, ಗುದ ಇವು ಮೂರೂ ಬೇರೆ ಬೇರೆ ಎಂಬುದನ್ನು ಚಿತ್ರ ಬರೆದು ತೋರಿಸಬೇಕು, ಏಕೆಂದರೆ ರಕ್ತ ಎಲ್ಲಿಂದ ಬರುತ್ತಿದೆ ಎಂದು ತಿಳಿಯದ ಗೊಂದಲವೇ ಹಲವು ಹುಡುಗಿಯರ ಹೆದರಿಕೆಯ ಮೂಲ.

ತಿಳಿವಳಿಕೆಯಷ್ಟೇ ಕೈಯ ಅಭ್ಯಾಸವೂ ಮುಖ್ಯ. ಪ್ಯಾಡನ್ನು ಮಗಳ ಕೈಗೆ ಕೊಟ್ಟು, ಹಿಂಬದಿಯ ಅಂಟಿನ ಮೇಲಿರುವ ಕಾಗದವನ್ನು ಕಿತ್ತು, ಒಳಚಡ್ಡಿಯ ನಡುಭಾಗಕ್ಕೆ ಒತ್ತಿ ಅಂಟಿಸಿ, ಎರಡು ಬದಿಯ ರೆಕ್ಕೆಗಳನ್ನು ಕೆಳಕ್ಕೆ ಮಡಿಚುವುದನ್ನು ಅವಳಿಂದಲೇ ಮಾಡಿಸಬೇಕು. ಅದರ ಮೇಲೆ ನಾಲ್ಕೈದು ಚಮಚ ಬೀಟ್‌ರೂಟ್ ನೀರು ಸುರಿದು ಅದು ಹೀರಿಕೊಳ್ಳುವುದನ್ನು ತೋರಿಸಿದರೆ, ಬಟ್ಟೆಗೆ ಕಲೆಯಾಗಿ ಎಲ್ಲರಿಗೂ ಕಾಣುತ್ತದೆಂಬ ಭಯ ಅರ್ಧ ಇಳಿಯುತ್ತದೆ. ಇಡೀ ಮುಟ್ಟಿನ ಅವಧಿಯಲ್ಲಿ ಹೋಗುವ ರಕ್ತ ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರಿನಷ್ಟು ಎಂಬುದನ್ನೂ ಆಗಲೇ ಹೇಳಬಹುದು. ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸುವುದು, ಬಳಸಿದ್ದನ್ನು ಸುತ್ತಿ ಕಾಗದದಲ್ಲಿ ಕಟ್ಟಿ ಕಸದ ಬುಟ್ಟಿಗೆ ಹಾಕುವುದು, ಶೌಚಾಲಯದ ಗುಂಡಿಗೆ ಎಸೆಯದಿರುವುದು, ಮುಂದಿನಿಂದ ಹಿಂದಕ್ಕೆ ತೊಳೆದುಕೊಳ್ಳುವುದು, ಮುಂಚೆ ಮತ್ತು ನಂತರ ಸೋಪಿನಿಂದ ಕೈ ತೊಳೆಯುವುದು ಇವೆಲ್ಲ ಕಲಿಸಬೇಕಾದ ಸಂಗತಿಗಳು. ಬಟ್ಟೆ ಬಳಸುವ ಮನೆಗಳಲ್ಲಿ ಅದನ್ನು ತಣ್ಣೀರಿನಲ್ಲಿ ನೆನೆಸಿ, ಸೋಪು ಹಾಕಿ ಒಗೆದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಬೇಕೇ ಹೊರತು ಬಚ್ಚಲಿನ ಮೂಲೆಯಲ್ಲಿ ಬೇರೆ ಬಟ್ಟೆಯ ಅಡಿ ಬಚ್ಚಿಡಬಾರದು, ಏಕೆಂದರೆ ತೇವ ಉಳಿದ ಬಟ್ಟೆ ಸೋಂಕಿಗೆ ದಾರಿ. ಎರಡು ಪ್ಯಾಡು, ಒಂದು ಒಳಚಡ್ಡಿ, ಒಂದು ಕಾಗದದ ಚೀಲ ಇರುವ ಸಣ್ಣ ಸಂಚಿಯನ್ನು ಶಾಲೆಯ ಚೀಲದಲ್ಲಿ ಮೊದಲೇ ಇಟ್ಟರೆ, ಆ ದಿನ ತರಗತಿಯಲ್ಲೇ ಬಂದರೂ ಮಗು ಕಂಗೆಡುವುದಿಲ್ಲ. ಕಲಿಕೆಯ ಅಥವಾ ಬೌದ್ಧಿಕ ತೊಡಕಿರುವ ಮಕ್ಕಳಿಗೆ ಈ ಅಭ್ಯಾಸವನ್ನು ಇನ್ನೂ ಮುಂಚಿತವಾಗಿ, ಚಿಕ್ಕ ಚಿಕ್ಕ ಹಂತಗಳಲ್ಲಿ, ಮತ್ತೆ ಮತ್ತೆ ಮಾಡಿಸಬೇಕಾಗುತ್ತದೆ.

ಯಾವುದು ಸಹಜ, ಯಾವುದಕ್ಕೆ ವೈದ್ಯರ ಬಳಿ ಹೋಗಬೇಕು ಎಂಬ ಗೆರೆ ಪೋಷಕರಿಗೆ ಸ್ಪಷ್ಟವಿರಬೇಕು. ಮೊದಲ ಎರಡು ಮೂರು ವರ್ಷ ಚಕ್ರ ಏರುಪೇರಾಗಿರುತ್ತದೆ. 21ರಿಂದ 45 ದಿನಗಳ ಅಂತರ, ಏಳು ದಿನಗಳವರೆಗಿನ ಸ್ರಾವ, ಮೊದಲ ದಿನಗಳಲ್ಲಿ ಕಿಬ್ಬೊಟ್ಟೆಯಲ್ಲಿ ನೋವು ಆತಂಕದ ಸಂಗತಿಗಳಲ್ಲ. ಆದರೆ ಒಂದೆರಡು ಗಂಟೆಗೊಮ್ಮೆ ಪ್ಯಾಡು ತೊಯ್ದು ಹೋಗುವುದು, ಏಳು ದಿನ ಮೀರಿದ ಸ್ರಾವ, ಮೂರು ತಿಂಗಳಿಗೂ ಹೆಚ್ಚಿನ ಅಂತರ, ಶಾಲೆ ತಪ್ಪಿಸುವಷ್ಟು ನೋವು, ಎಂಟು ವರ್ಷಕ್ಕೆ ಮುನ್ನವೇ ಕಾಣುವ ಬೆಳವಣಿಗೆ, ಹದಿನೈದು ತುಂಬಿದರೂ ಮುಟ್ಟಾಗದಿರುವುದು ಇವುಗಳನ್ನು ‘ಹೆಣ್ಣಾದ ಮೇಲೆ ಇದೆಲ್ಲ ಇದ್ದದ್ದೇ’ ಎಂದು ತಳ್ಳಿಹಾಕಬಾರದು. ಮೊದಲ ಮುಟ್ಟಿನಿಂದಲೇ ಅತಿಯಾಗಿ ರಕ್ತ ಹೋಗುವುದು ಕೆಲವೊಮ್ಮೆ ರಕ್ತ ಹೆಪ್ಪುಗಟ್ಟುವಿಕೆಯ ದೋಷದ ಲಕ್ಷಣವೂ ಆಗಿರಬಹುದು. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59ರಷ್ಟು ಮಂದಿಗೆ ರಕ್ತಹೀನತೆ ಇರುವಾಗ, ಈ ಎಚ್ಚರಿಕೆಗೆ ಹೆಚ್ಚಿನ ತೂಕವಿದೆ. ಆರತಿಯ ದಿನಗಳಲ್ಲಿ ಕೊಡುವ ಬೆಲ್ಲ, ಎಳ್ಳು, ಸೊಪ್ಪು, ಕಾಳುಗಳ ಆರೈಕೆ ಒಂದು ವಾರಕ್ಕೆ ನಿಲ್ಲದೆ ವರ್ಷವಿಡೀ ನಡೆಯಬೇಕು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯನ್ನು ಮಗಳು ಊಟದ ನಂತರ ತಪ್ಪದೆ ನುಂಗುತ್ತಾಳೆಯೇ ಎಂದು ಕೇಳುವುದೂ ಸಿದ್ಧತೆಯ ಭಾಗವೇ.

ಇಷ್ಟೆಲ್ಲ ಹೇಳಿಕೊಟ್ಟ ಮನೆಯೇ ಮುಟ್ಟಾದ ತಾಯಿಯನ್ನು ಮೂರು ದಿನ ಚಾಪೆ, ತಟ್ಟೆ, ಲೋಟ ಬೇರೆ ಮಾಡಿ ಮೂಲೆಗೆ ಕೂರಿಸಿದರೆ ಮಗಳು ಕಲಿಯುವುದು ಹೇಳಿದ್ದನ್ನಲ್ಲ, ಕಂಡದ್ದನ್ನು. ಈ ಮೈಲಿಗೆಯ ಕಲ್ಪನೆ ತುದಿ ಮುಟ್ಟಿದಾಗ ಏನಾಗುತ್ತದೆ ಎಂಬುದನ್ನು 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ನಾಡು ಕಂಡಿತು. ಸೂತಕದ ಹೆಸರಿನಲ್ಲಿ ಊರ ಹೊರಗಿನ ಗುಡಿಸಲಿನಲ್ಲಿ ಇರಿಸಿದ್ದ ಬಾಣಂತಿಯ ಹಸುಗೂಸು ಮಳೆಗಾಳಿಗೆ ಸಿಕ್ಕು ಅಸುನೀಗಿತು. ಮೌಢ್ಯ ನಿಷೇಧ ಕಾಯ್ದೆಯೆಂದು ಜನಬಳಕೆಯಲ್ಲಿರುವ ಕರ್ನಾಟಕದ 2017ರ ಕಾನೂನು ಮುಟ್ಟಾದ ಹೆಣ್ಣುಮಕ್ಕಳನ್ನು ಬಲವಂತವಾಗಿ ಪ್ರತ್ಯೇಕವಾಗಿಡುವುದನ್ನು ನಿಷೇಧಿಸಿದ ಕೃತ್ಯಗಳ ಪಟ್ಟಿಯಲ್ಲಿ ಸೇರಿಸಿದೆ. ಆದರೆ ಒಂದೆರಡು ಹಟ್ಟಿಗಳತ್ತ ಬೆರಳು ತೋರಿಸಿ, ನಗರದ ಫ್ಲಾಟುಗಳಲ್ಲಿ ಸದ್ದಿಲ್ಲದೆ ನಡೆಯುವ ಅದೇ ಆಚರಣೆಯನ್ನು ಮಡಿಯೆಂದು ಒಪ್ಪಿಕೊಳ್ಳುವುದು ನ್ಯಾಯವಲ್ಲ. ಇದೇ ನಾಡಿನಲ್ಲಿ ಬೇರೆ ಬಗೆಯ ನೆನಪೂ ಇದೆ: ತುಳುನಾಡಿನಲ್ಲಿ ಫೆಬ್ರುವರಿಯ ಆಸುಪಾಸಿನಲ್ಲಿ ಬರುವ ಕೆಡ್ಡಸದ ಮೂರು ದಿನ ಭೂಮಿತಾಯಿ ಋತುಮತಿಯಾಗಿದ್ದಾಳೆಂದು ನಂಬಿ, ನೆಲ ಉಳದೆ, ಅಗೆಯದೆ ಅವಳಿಗೆ ವಿಶ್ರಾಂತಿ ಕೊಟ್ಟು, ಎಣ್ಣೆ ಎರೆದು ಗೌರವಿಸುತ್ತಾರೆ. ಭೂಮಿಗೆ ಸಲ್ಲುವ ಈ ಆದರ ಮನೆಯ ಮಗಳಿಗೂ ಸಲ್ಲಬೇಕು. ವಿಶ್ರಾಂತಿ ಬೇಕೆಂದಾಗ ವಿಶ್ರಾಂತಿ, ಬೇಡವೆಂದಾಗ ಆಟ, ಪಾಠ, ಅಡುಗೆಮನೆ, ಅಂಗಳ ಎಲ್ಲವೂ ಅವಳಿಗೆ ತೆರೆದಿರಬೇಕು.

ಈ ಹೊಣೆಯನ್ನು ತಾಯಿಯೊಬ್ಬಳ ತಲೆಗೆ ಕಟ್ಟುವುದೂ ಸರಿಯಲ್ಲ. ಅಂಗಡಿಯಿಂದ ಪ್ಯಾಡು ತರಲು ಹಿಂಜರಿಯದ ತಂದೆ ತನ್ನ ನಡತೆಯಿಂದಲೇ ಮಗಳಿಗೆ ಇದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲವೆಂದು ಹೇಳಿದಂತಾಗುತ್ತದೆ. ಅಕ್ಕ ತಂಗಿಯರ ಜೊತೆಯಲ್ಲೇ ವಿಷಯ ತಿಳಿದ ಹುಡುಗ ಶಾಲೆಯಲ್ಲಿ ಕಲೆಯಾದ ಲಂಗ ಕಂಡು ನಗುವುದಿಲ್ಲ. ತಾಯಿಯಿಲ್ಲದ ಮನೆಗಳಲ್ಲಿ, ದುಡಿಮೆಗಾಗಿ ತಾಯಿ ದೂರದಲ್ಲಿರುವ ಮನೆಗಳಲ್ಲಿ ತಂದೆ ಅಥವಾ ಅಜ್ಜಿ ಈ ಮಾತು ಆಡಲೇಬೇಕು. ಶಾಲೆಯನ್ನು ಮಾತ್ರ ನಂಬಿ ಕೂರುವುದೂ ಆಗದು, ಏಕೆಂದರೆ ಹದಿಹರೆಯದ ಪಾಠ ಪುಸ್ತಕದಲ್ಲಿ ಬರುವ ಹೊತ್ತಿಗೆ ತರಗತಿಯ ಎಷ್ಟೋ ಹುಡುಗಿಯರಿಗೆ ಆಗಲೇ ಮುಟ್ಟು ಆರಂಭವಾಗಿರುತ್ತದೆ. ಸರ್ಕಾರಿ ಶಾಲೆ ಮತ್ತು ವಿದ್ಯಾರ್ಥಿನಿಲಯಗಳ ಹುಡುಗಿಯರಿಗೆ ಉಚಿತ ಪ್ಯಾಡು ಕೊಡಲೆಂದು ರಾಜ್ಯ ರೂಪಿಸಿದ ‘ಶುಚಿ’ ಯೋಜನೆ ಕೆಲವು ವರ್ಷ ನಿಂತು ಮತ್ತೆ ಆರಂಭವಾದದ್ದು ಒಳ್ಳೆಯದೇ. ಅದರ ಜೊತೆಗೆ ನೀರಿರುವ, ಚಿಲಕವಿರುವ ಶೌಚಾಲಯವೂ ಪ್ರಶ್ನೆ ಕೇಳಲು ಒಬ್ಬ ಶಿಕ್ಷಕಿಯೂ ಇರಬೇಕೆಂದು ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಕೇಳುವ ಹಕ್ಕು ಪೋಷಕರಿಗಿದೆ.

ಕೊನೆಯದಾಗಿ, ಮೈನೆರೆದ ಹುಡುಗಿ ಆ ದಿನದಿಂದ ‘ದೊಡ್ಡವಳು’ ಆಗಿಬಿಡುವುದಿಲ್ಲ. ಹನ್ನೊಂದು ವರ್ಷದ ಮಗು ಮರುದಿನವೂ ಹನ್ನೊಂದು ವರ್ಷದ ಮಗುವೇ ಆಗಿರುತ್ತದೆ. ದೇಹ ಗರ್ಭ ಧರಿಸುವ ಶಕ್ತಿಯತ್ತ ಹೊರಟಿದೆ ಎಂಬುದನ್ನು ಅವಳಿಗೆ ನೇರವಾಗಿ ತಿಳಿಸಬೇಕು, ಒಪ್ಪಿಗೆಯಿಲ್ಲದೆ ತನ್ನ ಮೈ ಮುಟ್ಟುವ ಹಕ್ಕು ಯಾರಿಗೂ ಇಲ್ಲವೆಂದು ಹೇಳಿಕೊಡಬೇಕು, ಆದರೆ ಆಟ ಬಿಡಿಸಿ, ಸೈಕಲ್ ಕಸಿದು, ಗಂಡು ಹುಡುಕುವ ಮಾತಾಡಬಾರದು. ಹದಿನೆಂಟು ತುಂಬದ ಹುಡುಗಿಯ ಮದುವೆ ಅಪರಾಧವಷ್ಟೇ ಅಲ್ಲ, 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯಂತೆ ಅದು ಮೊದಲಿನಿಂದಲೇ ಅಸಿಂಧು. ಮನೆಯಲ್ಲಿ ಎಂಟು ಒಂಬತ್ತು ವರ್ಷದ ಮಗಳಿರುವ ಪ್ರತಿಯೊಬ್ಬ ತಂದೆ ತಾಯಿಯೂ ಮೊದಲ ಮಾತನ್ನು ಈ ವಾರವೇ ಆಡಲಿ, ಸಣ್ಣ ಸಂಚಿಯೊಂದನ್ನು ಸಿದ್ಧಮಾಡಿಡಲಿ. ಶಾಸ್ತ್ರ ಮಾಡುವುದೂ ಬಿಡುವುದೂ ಅವರವರ ಇಷ್ಟ ಮತ್ತು ಆ ಮಗಳ ಇಷ್ಟ. ಆದರೆ ತಿಳಿಸಿ ಹೇಳುವುದು ಇಷ್ಟದ ಪ್ರಶ್ನೆಯಲ್ಲ, ಅದು ಮಗಳಿಗೆ ಸಲ್ಲಬೇಕಾದ ಹಕ್ಕು.